ಕುಂಬಾರ ಓಣಿಯ ತಂಪುಗೋಡೆ

ಕಲಬುರ್ಗಿಯ ಜನ ತಮ್ಮೂರಿನ ಬಿಸಿಲಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು. 'ನಿಮ್ಮದೇನು ಬಿಸಿಲ್ರಿ, ನಮ್ಮ ಕಡಿ ಬರ್ರಿ, ತೋರಸ್ತೀವಿ' ಎಂದು ದೂರದ ಬೀಗರನ್ನು ಹೆದರಿಸುವುದು ಅವರಿಗೊಂದು ಮೋಜು. ಆಮೇಲೆ ಬೇಸಿಗೆ ಐವತ್ತು ಡಿಗ್ರಿ ದಾಟಿತು, ಮೋಜು ನಿಂತಿತು. ಉರಿಗಾಳಿ ಎದ್ದ ದಿನ ಫ್ಯಾನು ಹಾಕಿದರೆ ಒಲೆಯ ಮುಂದೆ ಕೂತ ಹಾಗೆ. ಮನೆಮನೆಗೂ ಏಸಿ ಹಾಕೋಣವೆಂದರೆ ಅಷ್ಟು ಕರೆಂಟು ಯಾರಪ್ಪನ ಮನೆಯಲ್ಲಿತ್ತು? ಆ ಹೊತ್ತಿನಲ್ಲಿ ಬಂದದ್ದು ತಂಪುಗೋಡೆ.

ಅದರ ಯುಕ್ತಿ ಸರಳ. ಮನೆಯ ಮೂಡಣ ಗೋಡೆಯೊಳಗೆ ಒಂದು ಬಗೆಯ ಮೇಣ ತುಂಬಿರುತ್ತಾರೆ. ಹಗಲು ಕೋಣೆಯ ಕಾವನ್ನೆಲ್ಲ ಹೀರಿ ಮೇಣ ಕರಗುತ್ತದೆ. ರಾತ್ರಿ ಆ ಕಾವನ್ನು ಮಾಳಿಗೆಯ ಮೇಲಿನ ಹಲಗೆಗಳಿಂದ ಆಕಾಶಕ್ಕೆ ಬಿಟ್ಟು ಮತ್ತೆ ಗಟ್ಟಿಯಾಗುತ್ತದೆ. ಕಾವನ್ನು ಕೋಣೆಯಿಂದ ಗೋಡೆಗೆ ಸಾಗಿಸುವುದು ಸಣ್ಣ ಕೊಳವೆಗಳಲ್ಲಿ ಓಡುವ ನೀರು. ಆ ನೀರನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ನೋಡಿಕೊಳ್ಳಲು ಗೋಡೆಗೆ ಬಡಿದ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅಂಗೈ ಅಗಲದ ಬೋರ್ಡು. ಬೋರ್ಡಿನ ಮೇಲೆ ಲಿನಕ್ಸ್ ಎಂಬ ತಂತ್ರಾಂಶ. ಆ ಲಿನಕ್ಸಿನ ಬುದ್ಧಿಯೆಲ್ಲ ಇದ್ದದ್ದು ಕಡಲೆಬೇಳೆಯಷ್ಟಿದ್ದ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿ. ಕರೆಂಟು ಹೋಗಿ ಬಂದಾಗಲೆಲ್ಲ ಬೋರ್ಡು ಎದ್ದು, ಆ ಚಿಪ್ಪನ್ನು 'ಯಾರು ನೀನು?' ಎಂದು ಕೇಳುತ್ತದೆ. ಚಿಪ್ಪು ತನ್ನ ಗುರುತಿನ ಸಂಖ್ಯೆ ಹೇಳಿದರೆ ಮುಂದಿನ ಮಾತು. ಹೇಳದಿದ್ದರೆ ಬೋರ್ಡು ಕೈಕಟ್ಟಿ ಕೂತುಬಿಡುತ್ತದೆ. ನೀರು ಓಡುವುದಿಲ್ಲ, ಮನೆ ಕಾದ ಹಂಚಾಗುತ್ತದೆ.

ಕುಂಬಾರ ಓಣಿಯಲ್ಲಿ ಆಗುತ್ತಿದ್ದದ್ದು ಇದೇ. ಬೇಸಿಗೆಯಲ್ಲಿ ಪ್ರತಿ ಮಧ್ಯಾಹ್ನ ಸರದಿಯ ಮೇಲೆ ಓಣಿ ಓಣಿಯ ಕರೆಂಟು ತೆಗೆಯುತ್ತಿದ್ದರು. ಉಳಿದ ಓಣಿಗಳ ಗೋಡೆಗಳು ಕರೆಂಟು ಬಂದೊಡನೆ ಎದ್ದು ಕೆಲಸಕ್ಕೆ ಹತ್ತುತ್ತಿದ್ದವು. ಕುಂಬಾರ ಓಣಿಯಲ್ಲಿ ಮಾತ್ರ ಇವತ್ತು ಈ ಮನೆಯದು ಏಳದು, ನಾಳೆ ಆ ಮನೆಯದು. ನಿನ್ನೆ ಸತ್ತಂತಿದ್ದ ಗೋಡೆ ಇವತ್ತು ಏನೂ ಆಗಿಲ್ಲವೆಂಬಂತೆ ತಂಪು ಕೊಡುತ್ತ ಕೂತಿರುತ್ತಿತ್ತು. ಪೂರಾ ಕೆಟ್ಟರೆ ರಿಪೇರಿ ಮಾಡಬಹುದು. ಒಮ್ಮೆ ಕೆಟ್ಟು ಒಮ್ಮೆ ಸರಿಯಿರುವುದನ್ನು ಹಿಡಿಯುವುದು ಹೇಗೆ?

ಹಿಡಿಯಬೇಕಾದವಳು ನೀಲಾಂಬಿಕಾ. ಊರಿನವರು 'ಗೋಡಿ ಆಫೀಸು' ಎಂದು ಕರೆಯುವ ತಂಪು ನಿಯಂತ್ರಣ ಕೇಂದ್ರದಲ್ಲಿ ರಿಪೇರಿ ವಿಭಾಗವೆಲ್ಲ ಅವಳ ಕೈಯಲ್ಲಿ. ಮಾತು ಕಡಿಮೆ, ಹಟ ಜಾಸ್ತಿ. ಆದರೆ ಈ ಸಲ ಅವಳಲ್ಲಿ ಹಟಕ್ಕಿಂತ ಹೆಚ್ಚಾಗಿ ಭಯವಿತ್ತು. ಅವಳ ತಂಗಿ ಸುವರ್ಣಾಳನ್ನು ಕೊಟ್ಟದ್ದು ಇದೇ ಕುಂಬಾರ ಓಣಿಗೆ. ಸುವರ್ಣಾಳ ಕೂಸು ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಆಗತಾನೆ ಮನೆಗೆ ಬಂದಿತ್ತು. ತಂಪಿನಲ್ಲಿಡಿ, ಮಂದಿಯ ನಡುವೆ ಒಯ್ಯಬೇಡಿ, ಒಂದು ನೆಗಡಿ ಹತ್ತಿದರೂ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಶುಕ್ರವಾರ ಮುಂಜಾನೆ ಕೇಂದ್ರದ ಮುಖ್ಯಸ್ಥರಾದ ದೇಶಮುಖರು ಅವಳನ್ನು ದೊಡ್ಡ ನಕ್ಷೆಯ ಮುಂದೆ ಕರೆದರು. ಊರಿನ ಒಂದೊಂದು ಮನೆಗೂ ಅದರಲ್ಲಿ ಒಂದೊಂದು ದೀಪ. ಊರೆಲ್ಲ ಹಸಿರು, ಕುಂಬಾರ ಓಣಿಯಲ್ಲಿ ಅಲ್ಲಲ್ಲಿ ಕೆಂಪು.

"ಸೋಮವಾರ ಉರಿಗಾಳಿ ಬರ್ತದಂತ ಹವಾಮಾನದವ್ರು ಹೇಳ್ಯಾರ," ದೇಶಮುಖರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗೋಡಿ ಏಳ್ತಾವೋ ಇಲ್ಲೋ ಅಂತ ದೇವರ ಮ್ಯಾಲ ಭಾರ ಹಾಕಿ ಮಂದೀನ ಮನ್ಯಾಗ ಬಿಡ್ಲಿಕ್ಕೆ ಆಗಂಗಿಲ್ಲ ನೀಲಮ್ಮ. ಸೋಮವಾರ ಬಸ್ಸು ಕಳಸ್ತೀನಿ. ಓಣಿ ಪೂರಾ ತಂಪುಭವನಕ್ಕ."

ತಂಪುಭವನವೆಂದರೆ ನೆಲದಡಿಯ ದೊಡ್ಡ ಹಜಾರ. ಸಾವಿರಾರು ಜನ, ಒಂದೇ ಗಾಳಿ, ಕೆಮ್ಮು, ದಮ್ಮು, ಅಳು.

"ಸರ್, ನಮ್ಮ ತಂಗಿ ಕೂಸು..."

"ಗೊತ್ತದವ್ವ," ದೇಶಮುಖರು ಮೆತ್ತಗೆ ಹೇಳಿದರು. "ನಿನ್ನ ತಂಗಿ ಕೂಸಿಗೆ ಒಂದು ಕಾನೂನು, ಉಳಿದವ್ರಿಗೆ ಒಂದು ಕಾನೂನು ಮಾಡ್ಲಿಕ್ಕೆ ಬರಂಗಿಲ್ಲಲ್ಲ. ಸೋಮವಾರ ಮಧ್ಯಾಹ್ನ ಕರೆಂಟ್ ಹೋಗಿ ಬಂದಮ್ಯಾಲ ಓಣಿ ಪೂರಾ ಹಸಿರಾದ್ರ, ಬಸ್ಸು ವಾಪಸ್. ಒಂದು ಕೆಂಪು ಉಳದ್ರೂ ಇಲ್ಲ."

ನೀಲಾ ಲ್ಯಾಬಿಗೆ ಬಂದು ಕುರ್ಚಿಯಲ್ಲಿ ದೊಪ್ಪೆಂದು ಕೂತಳು. ಎದುರಿಗೆ ಮೇಜಿನ ಮೇಲೆ ಕುಂಬಾರ ಓಣಿಯಿಂದ ಕಿತ್ತುತಂದ ಬೋರ್ಡುಗಳ ಸಾಲು. ಅವುಗಳ ಮೇಲೆ ಬಗ್ಗಿದ್ದವನು ಜಿಲಾನಿ. ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವವನು, ನೀಲಾಳಿಗಿಂತ ಹತ್ತು ವರ್ಷ ಚಿಕ್ಕವನು. ಅವನ ಮನೆಯೂ ಅದೇ ಓಣಿಯ ಆ ತುದಿಯಲ್ಲಿ, ಅವನ ಮನೆಯ ಗೋಡೆಯೂ ಆಗಾಗ ಏಳುತ್ತಿರಲಿಲ್ಲ.

"ಏನರೆ ಸಿಕ್ತೇನೋ?"

"ಏನ್ ಸಿಗ್ತದಕ್ಕಾ? ನಮ್ಮ ಮುಂದ ಇದು ಪರೀಕ್ಷೆಗೆ ಕೂತ ಹುಡುಗನ ಹಂಗ ಎಲ್ಲಾ ಬರೋಬ್ಬರಿ ಹೇಳ್ತದ. ಮನಿಗೆ ಹೋತು ಅಂದ್ರ ಬಾಯಿ ಹೊಲ್ಕೋತದ."

ಮಾಡದ ಪ್ರಯತ್ನವೇ ಇರಲಿಲ್ಲ. ಬೋರ್ಡನ್ನು ಒಲೆಯಲ್ಲಿ ಕಾಯಿಸಿದ್ದರು, ಚಿಪ್ಪು ಉತ್ತರ ಕೊಟ್ಟಿತ್ತು. ಬೆಸುಗೆ ಬಿಟ್ಟಿರಬಹುದೆಂದು ಮತ್ತೆ ಬೆಸೆದಿದ್ದರು. ಚಿಪ್ಪುಗಳನ್ನೇ ಬದಲಿಸಿದ್ದರು, ಹೊಸವೂ ಓಣಿಗೆ ಹೋಗಿ ಮೂಕವಾಗಿದ್ದವು. ಬಡಬಡ ಕೇಳಿದರೆ ಚಿಪ್ಪು ಗಾಬರಿಯಾಗುತ್ತದೇನೋ ಎಂದು ನಿಧಾನವಾಗಿ ಕೇಳುವಂತೆ ಮಾಡಿದ್ದರು. ಎದ್ದಕೂಡಲೇ ಕೇಳದೆ ಒಂದಿಷ್ಟು ತಡೆದು ಕೇಳುವಂತೆ ಜಿಲಾನಿ ಬರೆದಾಗ ಒಂದು ದಿನ ಇಡೀ ಓಣಿ ಹಸಿರಾಗಿಯೇ ಇತ್ತು. ಗೆದ್ದೆವೆಂದು ಇಬ್ಬರೂ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತರಿಸಿ ತಿಂದರು. ಅವತ್ತು ಕರೆಂಟು ಬಹಳ ಹೊತ್ತು ಹೋಗಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಕರೆಂಟು ಸ್ವಲ್ಪ ಹೊತ್ತು ಹೋಗಿ ಬಂತು, ಕೆಂಪು ದೀಪಗಳು ಮತ್ತೆ ಹಾಜರಾದವು. ತಿಂದ ಮಿರ್ಚಿಯ ಖಾರ ಆಗ ಗೊತ್ತಾಯಿತು.

ಶನಿವಾರ ನೀಲಾ ಚೀಲ ಹೆಗಲಿಗೇರಿಸಿ ಸುವರ್ಣಾಳ ಮನೆಗೆ ಹೋದಳು. ಎಷ್ಟೋ ಸಲ ಹೋದ ಮನೆ. ಬಾಗಿಲಲ್ಲಿ ಎಂದಿನಂತೆ ಸುವರ್ಣಾಳ ಅತ್ತೆ ಕಾಶಿಬಾಯಿ ತಡೆದರು.

"ನಿಲ್ಲವ್ವ, ಒಂದ್ ಗಳಿಗಿ. ಈಗ ಬಂದೆ," ಎಂದು ಒಳಗೆ ಹೋದರು.

ನೀಲಾ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತಳು. ಮುದುಕಿ ಹಾಸಿಗೆ ಗೀಸಿಗೆ ಸರಿಮಾಡುತ್ತಿರಬೇಕು ಎಂದುಕೊಂಡಳು. ಕರೆದಾಗ ಒಳಗೆ ಹೋಗಿ, ಪೆಟ್ಟಿಗೆ ಬಿಚ್ಚಿ, ಮೀಟರ್ ಹಚ್ಚಿ, ಕರೆಂಟು ತೆಗೆದು ಹಾಕಿದಳು. ಪ್ರತಿ ಸಲವೂ ಗೋಡೆ ಎದ್ದಿತು. ಕೊಳವೆಯಲ್ಲಿ ನೀರು ಜುಳುಜುಳು ಓಡಿತು.

"ನೋಡು, ನೀ ಬಂದಿ ಅಂದ್ರ ಇದಕ್ಕ ಎಲ್ಲಿಲ್ಲದ ಮರ್ಯಾದಿ ಬರ್ತದ," ಸುವರ್ಣಾ ಕೂಸನ್ನು ಎದೆಗವಚಿಕೊಂಡು ಹೇಳಿದಳು. "ನೀ ಹ್ವಾದಮ್ಯಾಲ ಮತ್ತ ಅದೇ ಹಾಡು. ಅಕ್ಕಾ, ಸೋಮವಾರ ಇದನ್ನ ಎತ್ಕೊಂಡು ಆ ಮಂದ್ಯಾಗ ನಾ ಹ್ಯಾಂಗ ಹೋಗ್ಲಿ?"

ನೀಲಾ ತಂಗಿಯ ಮುಖ ನೋಡಲಾರದೆ ಚೀಲ ಕಟ್ಟಿಕೊಂಡು ಹೊರಟುಬಂದಳು.

ಭಾನುವಾರ ಅವಳು ಚೀಲ ಒಯ್ಯಲಿಲ್ಲ. ಸೋತವಳಂತೆ, ಬರೀ ಕೂಸಿನ ದೊಡ್ಡವ್ವನಾಗಿ ಹೋದಳು. ಆ ದಿನ ಕಾಶಿಬಾಯಿ ಬಾಗಿಲಲ್ಲಿ ತಡೆಯಲಿಲ್ಲ. ಅಡುಗೆಮನೆಯಿಂದಲೇ "ಬಾರವ್ವ, ಜ್ವಾಳದ ಅಂಬಲಿ ಕುಡಿ" ಎಂದು ಕೂಗಿದರು. ನೀಲಾ ಮೂಡಣ ಗೋಡೆಗೆ ಬೆನ್ನು ಹಚ್ಚಿ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಮುಷ್ಟಿ ಬಿಗಿಹಿಡಿದು ಮಲಗಿದ್ದ ಅದು ಅವಳ ಒಂದು ಮೊಳದಷ್ಟೂ ಇರಲಿಲ್ಲ. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು.

ಆಗ ಕರೆಂಟು ಹೋಯಿತು.

ಕಿಟಕಿಗಳೆಲ್ಲ ಬಿಸಿಲಿಗೆ ಮುಚ್ಚಿದ್ದರಿಂದ ಕೋಣೆ ಕತ್ತಲಾಯಿತು. ಪೂರ್ತಿ ಕತ್ತಲಲ್ಲ. ಗೋಡೆಯ ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ದೀಪ ಉರಿಯುತ್ತಿತ್ತು. ಪ್ಲಾಸ್ಟಿಕ್ಕಿನ ನಂದಾದೀಪ, ಒಳಗೆ ಬ್ಯಾಟರಿ, ಮೇಲೆ ಅಲ್ಲಾಡುವ ಹಳದಿ ಬೆಳಕು. ಅದರ ವೈರು ಪೆಟ್ಟಿಗೆಯ ಕೆಳಗಿದ್ದ, ರಿಪೇರಿಯವರಿಗೆಂದು ಬಿಟ್ಟ ಯುಎಸ್‌ಬಿ ತೂತಿಗೆ ಸಿಕ್ಕಿಸಿದ್ದರು. ನೀಲಾ ಅದನ್ನು ಸುಮ್ಮನೆ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ನೋಡಿದಳು. ಪೆಟ್ಟಿಗೆಯ ಮುಖದ ಮೇಲೆ ಒಂದು ಹಸಿರು ಚುಕ್ಕೆ ಇರುತ್ತದೆ, ಬೋರ್ಡಿಗೆ ಕರೆಂಟಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಈಗ ಓಣಿಗೇ ಕರೆಂಟಿಲ್ಲ. ಚುಕ್ಕೆ ಮಾತ್ರ ಇತ್ತು. ಮಂಕಾಗಿ, ಇದೆಯೋ ಇಲ್ಲವೋ ಎಂಬಂತೆ, ಆದರೂ ಇತ್ತು.

ಅವಳು ಕೂಸನ್ನು ಅಲುಗಿಸದೆ ಹಾಗೇ ಕೂತಳು. ಕರೆಂಟು ಬಂತು. ಚುಕ್ಕೆ ಪ್ರಕಾಶವಾಯಿತು. ಕೊಳವೆಯಲ್ಲಿ ಸದ್ದಿಲ್ಲ. ಗೋಡೆ ಏಳಲಿಲ್ಲ.

"ಅತ್ತೀ," ನೀಲಾ ಮೆಲ್ಲಗೆ ಕರೆದಳು, "ಈ ದೀಪ ನಿನ್ನಿ ಇಲ್ಲಿ ಇದ್ದಿಲ್ಲಲ್ಲರಿ?"

"ಇತ್ತಲ್ಲವ್ವ. ಕೂಸು ಹುಟ್ಟಿದ ದಿನದಿಂದ ಅದ. ಕೂಸು ಗಂಡಾಂತರ ದಾಟೋತನ ನಂದಬಾರ್ದಂತ ಹರಕಿ ಹೊತ್ತೀನಿ. ಕರೆಂಟ್ ಹ್ವಾದ್ರೂ ಇದು ನಂದಂಗಿಲ್ಲ, ಅದಕ್ಕ ತಂದೆ. ಓಣ್ಯಾಗ ಭಾಳ ಮಂದಿ ತಂದಾರ."

"ನಾ ಬಂದಾಗ ಒಮ್ಮೆನೂ ಕಂಡಿಲ್ಲರಿ."

"ನೀ ಚೀಲ ತಗೊಂಡು ಬರ್ತಿದ್ದಿ. ಹತಾರ, ಚರ್ಮದ ಪಟ್ಟಿ, ಎಲ್ಲಾ ಕಡಿ ಓಡಾಡಿ ಬಂದ ಕೈ. ದೇವರ ದೀಪಕ್ಕ ತಾಗಬಾರ್ದಂತ ಒಳಗ ದೇವರಮನಿ ಜಗಲಿ ಮ್ಯಾಲ ಎತ್ತಿಡ್ತಿದ್ದೆ. ನೀ ಹ್ವಾದಮ್ಯಾಲ ಮತ್ತ ಹಚ್ತಿದ್ದೆ," ಎಂದು ಕಾಶಿಬಾಯಿ ಸ್ವಲ್ಪ ಮುಜುಗರದಿಂದ ಹೇಳಿದರು.

ಬಾಗಿಲಲ್ಲಿ ತಡೆಯುತ್ತಿದ್ದ ಆ ಒಂದು ಗಳಿಗೆಯ ಅರ್ಥ ನೀಲಾಳಿಗೆ ಈಗ ಹೊಳೆಯಿತು. ಓಣಿಯ ಎಲ್ಲ ಮನೆಯಲ್ಲೂ ಹೀಗೇ ಆಗಿರಬೇಕು. ರಿಪೇರಿಯವರು ಬರುತ್ತಾರೆ, ದೀಪ ಜಗಲಿಗೆ ಹೋಗುತ್ತದೆ, ಗೋಡೆ ಸರಿಯಾಗುತ್ತದೆ. ರಿಪೇರಿಯವರು ಹೋಗುತ್ತಾರೆ, ದೀಪ ಮರಳಿ ಬರುತ್ತದೆ. ಅವಳು ಜಿಲಾನಿಗೆ ಫೋನು ಹಚ್ಚಿದಳು.

"ನಂದಾದೀಪಾನಾ?" ಜಿಲಾನಿ ಎಲ್ಲ ಕೇಳಿಸಿಕೊಂಡು ಹೇಳಿದ. "ಅಕ್ಕಾ, ನಮ್ಮ ಮನ್ಯಾಗ ಎಲ್ಲಿ ನಂದಾದೀಪ? ನಮ್ಮ ಗೋಡಿನೂ ಏಳಲ್ಲಲ್ಲ."

ನೀಲಾಳ ಮುಖ ಇಳಿಯಿತು. ಆ ಕಡೆ ಜಿಲಾನಿಯ ದನಿ ತಟ್ಟನೆ ಬೇರೆಯಾಯಿತು.

"ಅಕ್ಕಾ, ಅಮ್ಮಿ ರಮಜಾನಿಗೆ ಅಜಾನ್ ಗಡಿಯಾರ ತಂದಾಳ. ಕರೆಂಟ್ ಹ್ವಾದ್ರೂ ಅಜಾನ್ ತಪ್ಪಬಾರ್ದಂತ ಬ್ಯಾಟರಿದು. ಅದೇ ತೂತಿಗೆ ಹಚ್ಯಾಳ. ನಾ ಪೆಟ್ಟಿಗಿ ನೋಡೂಮುಂದ ಅದನ್ನ ಕಿತ್ತಿಟ್ಟೇ ನೋಡ್ತಿದ್ದೆ. ದೀಪ ಮಾರ್ದವನೇ ಅದನ್ನೂ ಮಾರ್ಯಾನ, ಓಣಿ ಮೂಲಿ ಅಂಗಡ್ಯಾವ."

"ಗಡಿಯಾರ ತಗೊಂಡು ಲ್ಯಾಬಿಗೆ ಬಾ. ಓಡಿ ಬಾ."

ಅವಳು ಎದ್ದಾಗ ಕಾಶಿಬಾಯಿ ಅಂಬಲಿಯ ಬಟ್ಟಲು ಹಿಡಿದುಕೊಂಡೇ ನಿಂತಿದ್ದರು. ಮಾತೆಲ್ಲ ಅವರಿಗೆ ತಿಳಿದಿರಲಿಲ್ಲ, ತಿಳಿಯಬೇಕಾದದ್ದು ತಿಳಿದಿತ್ತು.

"ಕೂಸು ಬದುಕ್ಲಿ ಅಂತ ಹಚ್ಚಿದೆ," ಅವರು ಬಟ್ಟಲು ಕೆಳಗಿಟ್ಟರು. "ನನ್ನ ಕೈಯಾರೆ ಕೂಸಿಗೆ ಬಿಸಲು ಹಾಕಿದೆನೇನವ್ವ?"

"ಇಲ್ರಿ ಅತ್ತಿ," ನೀಲಾ ಅವರ ಕೈ ಹಿಡಿದಳು. "ದೀಪದ್ದೇನೂ ತಪ್ಪಿಲ್ಲ. ನಮ್ಮ ಗೋಡಿಗೆ ಸರಿಯಾಗಿ ಎಚ್ಚರಾಗೋದು ಕಲಿಸಿಲ್ಲ ನಾವು. ಇವತ್ತು ಕಲಸ್ತೀನಿ. ದೀಪ ಅಲ್ಲೇ ಇರ್ಲಿ."

ಲ್ಯಾಬಿನಲ್ಲಿ ಗಡಿಯಾರ ಸಿಕ್ಕಿಸಿ ಕರೆಂಟು ತೆಗೆದು ಹಾಕಿದರು. ಚಿಪ್ಪು ಉತ್ತರ ಕೊಡಲಿಲ್ಲ. ಮತ್ತೆ ತೆಗೆದು ಹಾಕಿದರು, ಮತ್ತೆ ಮೂಕ. ಇಷ್ಟು ದಿನದಲ್ಲಿ ಮೊದಲ ಸಲ ಬೋರ್ಡು ಅವರ ಕಣ್ಣೆದುರು ಕೆಟ್ಟಿತ್ತು. ಜಿಲಾನಿ ಟೇಬಲ್ಲು ಬಡಿದು ಕುಣಿದ. ನೀಲಾ ನಕ್ಕಳು, ನಗುತ್ತಲೇ ಅತ್ತಳು. ಯಂತ್ರ ಕೆಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ಕಟ್ಟಡ ಅದುವರೆಗೆ ಕಂಡಿರಲಿಲ್ಲ.

ಕಾರಣ ಈಗ ನಿಚ್ಚಳವಾಗಿ ಕಾಣುತ್ತಿತ್ತು. ಕರೆಂಟು ಹೋದಾಗ ಚಿಪ್ಪು ಪೂರ್ತಿ ನಿದ್ದೆ ಹೋಗಬೇಕು. ಆಗ ಹಿಂದಿನದೆಲ್ಲ ಮರೆತು, ಬಂದಾಗ ಹೊಸದಾಗಿ ಎಚ್ಚರಾಗುತ್ತದೆ. ಆದರೆ ದೀಪದ ಬ್ಯಾಟರಿ ತಾನು ಉಂಡದ್ದರಲ್ಲಿ ಒಂದು ತುತ್ತನ್ನು ಅದೇ ವೈರಿನಿಂದ ಬೋರ್ಡಿಗೆ ವಾಪಸು ಕೊಡುತ್ತಿತ್ತು. ಅಷ್ಟು ಕರೆಂಟಿಗೆ ಬೋರ್ಡು ನಡೆಯದು, ಚಿಪ್ಪು ಮಲಗದು. ಅರೆನಿದ್ದೆಯಲ್ಲಿದ್ದ ಚಿಪ್ಪಿಗೆ, ಕರೆಂಟು ಬಂದು ಬೋರ್ಡು 'ಯಾರು ನೀನು?' ಎಂದು ಕೇಳಿದಾಗ ತಾನು ಹಿಂದೆ ಮಾಡುತ್ತಿದ್ದ ಕೆಲಸದ ಗುಂಗು. ಕೇಳಿದ್ದೇನೆಂದು ತಿಳಿಯದೆ ಸುಮ್ಮನಿರುತ್ತಿತ್ತು. ಕರೆಂಟು ಬಹಳ ಹೊತ್ತು ಹೋದ ದಿನ ಬ್ಯಾಟರಿಯೂ ಸೋತು ಚಿಪ್ಪು ಪೂರ್ತಿ ಮಲಗುತ್ತಿತ್ತು; ಅವರು ಮಿರ್ಚಿ ತಿಂದದ್ದು ಅಂಥ ದಿನ.

ದೇಶಮುಖರು ಸುದ್ದಿ ಕೇಳಿ ಓಡಿಬಂದರು. "ಮತ್ತ್ಯಾಕ ತಡ? ಓಣ್ಯಾಗ ದೀಪ, ಗಡಿಯಾರ ಬಂದ್ ಅಂತ ಹುಕುಂ ಹೊರಡಸ್ತೀನಿ."

"ಬ್ಯಾಡ್ರಿ ಸರ್," ನೀಲಾ ಹೇಳಿದಳು. "ಇವತ್ತು ತಗೀತಾರ, ನಾಳಿ ಮತ್ತ ಹಚ್ತಾರ. ಹಚ್ಚಿದವ್ರು ಕೆಟ್ಟ ಮನಸ್ಸಿಂದ ಹಚ್ಚಿಲ್ಲ. ದೀಪ ಇದ್ದಾಗೂ ಗೋಡಿ ಏಳೂಹಂಗ ಮಾಡ್ತೀವಿ. ಇವತ್ತಿನ ಸಂಜೀತನ ಟೈಮ್ ಕೊಡ್ರಿ."

ದೇಶಮುಖರು ಅವಳನ್ನು ದಿಟ್ಟಿಸಿ ನೋಡಿ, "ಬಸ್ಸಿಗಂತೂ ಹೇಳಿಟ್ಟೀನಿ," ಎಂದಷ್ಟೇ ಹೇಳಿ ಹೋದರು.

ಪ್ರೊಸೆಸರಿನ ಹೊಟ್ಟೆಯೊಳಗೇ ಒಂದು ಚೂರು ಜಾಗವಿತ್ತು. ಎದ್ದ ತಕ್ಷಣ ಏನು ಮಾಡಬೇಕೆಂಬ ಮೊದಲ ಪಾಠ ಇರುವುದು ಅಲ್ಲಿ. ಆ ಪಾಠವನ್ನು ತಿದ್ದಿದರೆ ಸಾಕು: ಹೆಸರು ಕೇಳುವ ಮೊದಲು ಚಿಪ್ಪಿಗೆ, 'ಹಿಂದಿನದೆಲ್ಲ ಬಿಡು, ಹೊಸದಾಗಿ ಏಳು' ಎಂದು ಆಜ್ಞೆ ಕೊಡಬೇಕು. ಜಿಲಾನಿ ಬರೆದ, ಗಡಿಯಾರ ಸಿಕ್ಕಿಸಿ ನೋಡಿದರು. ಒಮ್ಮೆ ಎದ್ದಿತು, ಒಮ್ಮೆ ಏಳಲಿಲ್ಲ. ಇಬ್ಬರ ಮುಖವೂ ಸಪ್ಪಗಾಯಿತು.

ನೀಲಾ ಕಿಟಕಿಯಾಚೆ ನೋಡುತ್ತ ನಿಂತಳು. ಶಾಲೆಗೆ ಹೋಗುವಾಗ ಅವರವ್ವ ಸುವರ್ಣಾಳನ್ನು ಎಬ್ಬಿಸುತ್ತಿದ್ದದ್ದು ನೆನಪಾಯಿತು. ಮೊದಲು ಹೆಸರು ಹಿಡಿದು ಕರೆಯುವುದು, ಏಳದಿದ್ದರೆ ಚಾದರ ಎಳೆಯುವುದು, ಅದಕ್ಕೂ ಬಗ್ಗದಿದ್ದರೆ ಮುಖಕ್ಕೆ ನೀರು.

"ಜಿಲಾನಿ, ಚಿಪ್ಪು ಯಾವ ಗುಂಗಿನ್ಯಾಗ ಸಿಕ್ಕಾದೋ ನಮಗ ಗೊತ್ತಿಲ್ಲ. ಒಂದೇ ರೀತೀಲೆ ಹೇಳಿದ್ರ ಒಂದೇ ಗುಂಗಿನ್ಯಾಗಿದ್ದದ್ದಕ್ಕ ತಿಳೀತದ. ಅದು ಎಷ್ಟು ರೀತಿ ಮಾತಾಡ್ತದೋ ಅಷ್ಟೂ ರೀತೀಲೆ ಹೇಳು, ಒಂದರ ಹಿಂದ ಒಂದು. ಆಮ್ಯಾಲ ಹೆಸರು ಕೇಳು. ಹೇಳ್ಲಿಲ್ಲಂದ್ರ ಮತ್ತ ಮೊದಲಿಂದ."

ಜಿಲಾನಿ ಮತ್ತೆ ಬರೆದ. ಕರೆಂಟು ತೆಗೆದು ಹಾಕಿದರು, ಚಿಪ್ಪು ಹೆಸರು ಹೇಳಿತು. ಮತ್ತೆ ಹಾಕಿದರು, ಹೇಳಿತು. ಬೆರಳು ನೋಯುವವರೆಗೆ ಸ್ವಿಚ್ಚು ಒತ್ತಿದರು. ಗಡಿಯಾರ ಮಧ್ಯದಲ್ಲಿ ಒಮ್ಮೆ ಸಂಜೆಯ ಅಜಾನ್ ಕೂಗಿತು, ಅದರ ನಡುವೆಯೂ ಚಿಪ್ಪು ತಪ್ಪದೆ ಹೆಸರು ಹೇಳಿತು.

ಎದ್ದಿದ್ದ ಗೋಡೆಗಳಿಗೆ ಹೊಸ ಪಾಠವನ್ನು ಕೂತಲ್ಲಿಂದಲೇ ಕಳಿಸಿದರು. ಏಳದೆ ಬಿದ್ದಿದ್ದ ಗೋಡೆಗಳಿಗೆ ಕಳಿಸುವುದು ಹೇಗೆ? ಅವನ್ನು ಒಮ್ಮೆಯಾದರೂ ಪೂರ್ತಿ ಮಲಗಿಸಿ ಎಬ್ಬಿಸಬೇಕಿತ್ತು. ಸೋಮವಾರ ಬೆಳಗಾಗುತ್ತಲೇ, ನೀಲಾ ಕೇಳಿಕೊಂಡಂತೆ, ಓಣಿಯ ಈ ತುದಿಯ ಮಠದ ಮೈಕಿನಿಂದ ಸ್ವಾಮಿಗಳು, ಆ ತುದಿಯ ಮಸೀದಿಯ ಮೈಕಿನಿಂದ ಮೌಲ್ವಿ ಸಾಹೇಬರು ಒಂದೇ ಮಾತು ಹೇಳಿದರು: ಗೋಡೆಯ ಪೆಟ್ಟಿಗೆಗೆ ಹಚ್ಚಿದ್ದನ್ನು ಒಮ್ಮೆ ತೆಗೆಯಿರಿ, ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಒಂದು ಚಹಾ ಕುಡಿಯಿರಿ, ಸ್ವಿಚ್ಚು ಹಾಕಿ, ಹೊಸ ಪಾಠ ತಲುಪಿ ಹಸಿರು ಚುಕ್ಕೆ ಮೂರು ಸಲ ಮಿಟುಕಿದ ಮೇಲೆ ತೆಗೆದದ್ದನ್ನು ಮತ್ತೆ ಹಚ್ಚಿರಿ. ಆ ಮುಂಜಾನೆ ಕುಂಬಾರ ಓಣಿಯಲ್ಲಿ ಚಹಾ ಕುಡಿಯದ ಮನೆ ಇರಲಿಲ್ಲ. ಕುಡಿದವರೇ ಮತ್ತೆ ಕುಡಿದರು.

ಮಧ್ಯಾಹ್ನಕ್ಕೆ ಉರಿಗಾಳಿ ಎದ್ದಿತು. ಮರದ ಮೇಲೆ ಕಾಗೆ ಇರಲಿಲ್ಲ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಓಣಿಯ ಬಾಯಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ನಕ್ಷೆಯ ಮುಂದೆ ಜಿಲಾನಿಯನ್ನೂ ದೇಶಮುಖರನ್ನೂ ಬಿಟ್ಟು ನೀಲಾ ತಂಗಿಯ ಮನೆಗೆ ಬಂದಿದ್ದಳು. ತಾನು ಕಲಿಸಿದ ಪಾಠ ತಪ್ಪಿದರೆ ಕೂಸನ್ನು ಬಸ್ಸಿಗೆ ಎತ್ತಿಕೊಂಡು ಹೋಗುವವಳೂ ತಾನೇ ಆಗಬೇಕೆಂದು ಅವಳಿಗೆ ಅನಿಸಿತ್ತು.

ಕರೆಂಟು ಹೋಯಿತು. ನಂದಾದೀಪ ಉರಿಯುತ್ತಲೇ ಇತ್ತು. ಪೆಟ್ಟಿಗೆಯ ಮೇಲೆ ಮಂಕು ಹಸಿರು ಚುಕ್ಕೆ ಹಾಗೇ ಇತ್ತು. ನಿನ್ನೆ ಗೋಡೆಯನ್ನು ಕೆಡಿಸಿದ್ದೂ ಇದೇ ಬೆಳಕು. ಸುವರ್ಣಾ ಒದ್ದೆ ಬಟ್ಟೆಯಿಂದ ಕೂಸಿಗೆ ಗಾಳಿ ಹಾಕತೊಡಗಿದಳು. ಕಾಶಿಬಾಯಿ ದೀಪದ ಕಡೆಗೂ ನೋಡಲಿಲ್ಲ, ಪೆಟ್ಟಿಗೆಯ ಕಡೆಗೂ ನೋಡಲಿಲ್ಲ, ನೀಲಾಳ ಮುಖವನ್ನೇ ನೋಡುತ್ತಿದ್ದರು. ಕೋಣೆ ಕಾಯುತ್ತ ಬಂತು. ಕೂಸು ಸಣ್ಣಗೆ ನರಳಿತು.

ಕರೆಂಟು ಬಂತು. ಚುಕ್ಕೆ ಹೊಳೆಯಿತು. ಸದ್ದಿಲ್ಲ. ನೀಲಾ ಮನಸ್ಸಿನಲ್ಲೇ ಎಣಿಸಿದಳು. ಹೆಸರು ಹಿಡಿದು ಕರೆಯುವುದು. ಚಾದರ ಎಳೆಯುವುದು. ಮುಖಕ್ಕೆ ನೀರು.

ಗೋಡೆಯೊಳಗೆ ಟಕ್ ಎಂದಿತು. ಆಮೇಲೆ ಕೊಳವೆಯಲ್ಲಿ ನೀರು ಜುಳುಜುಳು ಓಡಿತು.

ಫೋನಿನಲ್ಲಿ ಜಿಲಾನಿ ನಕ್ಷೆಯ ದೀಪಗಳನ್ನು ಒಂದೊಂದಾಗಿ ಓದತೊಡಗಿದ. "ಅಕ್ಕಾ, ಹಸಿರಾಗ್ಲಾಕತ್ತದ. ಆ ಕಡಿ ಸಾಲು ಆತು. ನಿಮ್ಮ ಸಾಲು ಆತು. ನಮ್ಮ ಮನೀನೂ ಎದ್ದದ. ಇನ್ನೊಂದು ಉಳದದ... ಅದೂ ಆತಕ್ಕಾ. ಪೂರಾ ಹಸಿರು. ಒಂದೂ ಕೆಂಪಿಲ್ಲ."

ಅವನ ಕೈಯಿಂದ ಫೋನು ಕಸಿದುಕೊಂಡು ದೇಶಮುಖರು, "ನೀಲಮ್ಮ, ಬಸ್ಸಿನವ್ರಿಗೆ ಹೇಳು, ಒಂದೊಂದು ಗ್ಲಾಸ್ ನೀರು ಕುಡದು ಹೋಗ್ಲಿ," ಎಂದರು. ಹೊರಗೆ ಬಸ್ಸುಗಳು ಒಂದೊಂದಾಗಿ ತಿರುಗಿ ಹೋಗುವುದು ಕೇಳಿಸಿತು. ಮನೆಮನೆಯ ಬಾಗಿಲಿಂದ ಮಂದಿ ತಲೆಗೆ ಟವೆಲ್ಲು ಸುತ್ತಿಕೊಂಡು ಇಣುಕಿ, ಬಸ್ಸುಗಳ ಹಿಂದೆ ಚಪ್ಪಾಳೆ ತಟ್ಟಿದರು. ಸುವರ್ಣಾ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಮನಸ್ಸು ಬಿಚ್ಚಿ ಅತ್ತಳು. ಕೂಸು ಗೋಡೆಯ ಪಕ್ಕದ ತಂಪಿನಲ್ಲಿ ಮುಷ್ಟಿ ಬಿಚ್ಚಿ ನಿದ್ದೆ ಹೋಯಿತು.

ಆ ಬೇಸಿಗೆ ಕಳೆದು, ಕೂಸು ಕೈಗೆ ತೂಕವಾಗುವಷ್ಟು ಬೆಳೆದ ಮೇಲೆ ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡರು. ನೀಲಾ ಆ ದಿನ ಬೇರೊಂದು ಓಣಿಯ ಕೆಲಸ ಮುಗಿಸಿ ನೇರವಾಗಿ ಬಂದಳು, ಹೆಗಲಲ್ಲಿ ಹತಾರದ ಚೀಲ, ಸೊಂಟಕ್ಕೆ ಚರ್ಮದ ಪಟ್ಟಿ. ಒಳಗೆ ಹೆಂಗಸರು ಜೋಗುಳ ಹಾಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು, ರೂಢಿಯಂತೆ ಹೊಸ್ತಿಲ ಹೊರಗೇ ನಿಂತಳು.

ಕಾಶಿಬಾಯಿ ಒಳಗಿನಿಂದಲೇ ನೋಡಿದರು.

"ಯಾಕ ನಿಂತಿ? ಚೀಲ ತಗೊಂಡೇ ಬಾ ಒಳಗ," ಎಂದರು. "ದೀಪ ಅಲ್ಲೇ ಅದ."